ಟೆಸ್ಲಾ ಕಾಯಿಲ್: ಟ್ಯಾಪ್ ಕೊನೇ ಸುತ್ತಿಗೆ ಬಂದರೂ ಕಿಡಿ ಎರಡೇ ಬೆರಳು

ಪ್ರಶ್ನೆ

ಸ್ಪಾರ್ಕ್ ಗ್ಯಾಪ್ (ಕಿಡಿ ಹಾರುವ ಸಂದು) ಇರುವ ಟೆಸ್ಲಾ ಕಾಯಿಲ್, ಅಂದರೆ ಗಾಳಿಯಲ್ಲಿ ಉದ್ದ ಕಿಡಿ ಹಾರಿಸುವ ಹೈ ವೋಲ್ಟೇಜ್ ಕಾಯಿಲ್, ಕಟ್ಟಿದ್ದೇನೆ. 9 ಕಿಲೋವೋಲ್ಟ್, 30 ಮಿಲಿಆಂಪ್‌ನ ಹಳೇ ನಿಯಾನ್ ಬೋರ್ಡ್ ಟ್ರಾನ್ಸ್‌ಫಾರ್ಮರ್, ಕಬ್ಬಿಣದ ಕೋರಿನದು. ಸೆಕೆಂಡರಿ (ಕಿಡಿ ಹೊರಡುವ ಕಾಯಿಲ್) 110 ಮಿ.ಮೀ. ಪಿವಿಸಿ ಪೈಪಿನ ಮೇಲೆ 0.4 ಮಿ.ಮೀ. ಎನಾಮಲ್ ತಂತಿ, ಸುಮಾರು 1050 ಸುತ್ತು, ಎತ್ತರ 45 ಸೆಂ.ಮೀ. ತಲೆಯ ಮೇಲೆ 30 ಸೆಂ.ಮೀ. ಅಗಲ, 7.5 ಸೆಂ.ಮೀ. ದಪ್ಪದ ಅಲ್ಯೂಮಿನಿಯಂ ಡಕ್ಟಿನ ಬಳೆ. ಪ್ರೈಮರಿ (ಅದಕ್ಕೆ ಶಕ್ತಿ ಕೊಡುವ ಕೆಳಗಿನ ಕಾಯಿಲ್) 6 ಮಿ.ಮೀ. ತಾಮ್ರದ ಕೊಳವೆಯ ಚಪ್ಪಟೆ ಸುರುಳಿ, 12 ಸುತ್ತು, ನಡುವೆ 6 ಮಿ.ಮೀ. ಜಾಗ, ಒಳಗಿನ ಸುತ್ತು ಸೆಕೆಂಡರಿಯಿಂದ 3 ಸೆಂ.ಮೀ. ದೂರ. ಕೆಪಾಸಿಟರ್ ಅಂದರೆ ಉಪ್ಪುನೀರು ತುಂಬಿದ ಆರು ಗಾಜಿನ ಬಾಟಲಿ. ಕಿಡಿ ಎರಡು ಬೆರಳಿನಷ್ಟು ಬಂದರೆ ಹೆಚ್ಚು. ಟ್ಯಾಪ್ (ಪ್ರೈಮರಿಗೆ ತಂತಿ ಕಚ್ಚಿಸುವ ಜಾಗ) ಹೊರಕ್ಕೆ ಸರಿಸಿದಷ್ಟೂ ಚೂರುಚೂರೇ ಬೆಳೆಯುತ್ತೆ, ಕೊನೇ ಸುತ್ತಿನಲ್ಲಿ ಎಲ್ಲಕ್ಕಿಂತ ಜಾಸ್ತಿ. ಸೆಕೆಂಡರಿ ಬಿಚ್ಚಿ ಮತ್ತೆ ಸುತ್ತಬೇಕಾ?

ಉತ್ತರ

ಸೆಕೆಂಡರಿ ತಂಟೆಗೆ ಹೋಗಬೇಡಿ, ಅದು ಚೆನ್ನಾಗಿದೆ. ಹೊರಕ್ಕೆ ಹೋದಷ್ಟೂ ಕಿಡಿ ಬೆಳೆಯುತ್ತೆ ಅಂದಿರಲ್ಲ, ಅದೇ ರೋಗದ ಗುರುತು. ಸರಿಯಾಗಿ ಟ್ಯೂನ್ ಆಗುವ, ಅಂದರೆ ಪ್ರೈಮರಿ ಸೆಕೆಂಡರಿ ಎರಡೂ ಒಂದೇ ಫ್ರೀಕ್ವೆನ್ಸಿಗೆ ಬರುವ, ಕಾಯಿಲಿನಲ್ಲಿ ಕಿಡಿ ಒಂದು ಸುತ್ತಿನವರೆಗೆ ಏರಿ, ಅದನ್ನು ದಾಟಿದ ಮೇಲೆ ಇಳಿಯಬೇಕು. ನಿಮ್ಮದು ಇಳಿಯುವುದೇ ಇಲ್ಲ. ಅಂದರೆ ಟ್ಯೂನ್ ಆಗುವ ಜಾಗ ನಿಮ್ಮ ಸುರುಳಿಯ ಆಚೆ ಎಲ್ಲೋ ಇದೆ.

ಲೆಕ್ಕ ಹಾಕಿ ನೋಡಿ. ನೀವು ಕೊಟ್ಟ ಅಳತೆಗೆ ಸೆಕೆಂಡರಿ ಸುಮಾರು 26 ಮಿಲಿಹೆನ್ರಿ. ಅದರ ಸ್ವಂತ ಕೆಪಾಸಿಟೆನ್ಸ್ ಮತ್ತು ಬಳೆಯದ್ದು ಸೇರಿ ಹತ್ತಿರ ಹತ್ತಿರ 20 ಪಿಕೋಫ್ಯಾರಡ್. ರೆಸೊನೆನ್ಸ್ (ಅದು ತಾನಾಗೇ ಮಿಡಿಯುವ ಫ್ರೀಕ್ವೆನ್ಸಿ) 220 ಕಿಲೋಹರ್ಟ್ಸ್ ಆಸುಪಾಸು. ಪ್ರೈಮರಿಯೂ ಅಲ್ಲಿಗೇ ಬರಬೇಕು. ಬಾಟಲಿ ಒಂದಕ್ಕೆ ಒಂದು ನ್ಯಾನೋಫ್ಯಾರಡ್ ಸಿಕ್ಕರೆ ಪುಣ್ಯ. ಆರಕ್ಕೆ 5 ಅಂತಿಟ್ಟುಕೊಳ್ಳಿ. ಆಗ ಪ್ರೈಮರಿ 100 ಮೈಕ್ರೋಹೆನ್ರಿ ದಾಟಬೇಕಾಗುತ್ತೆ. ನಿಮ್ಮ 12 ಸುತ್ತಿಗೆ 50 ಕೂಡ ಬರುವುದಿಲ್ಲ. ಅದೇ 15 ನ್ಯಾನೋಫ್ಯಾರಡ್ ಹಾಕಿದರೆ 35 ಸಾಕು, ಹತ್ತನೇ ಸುತ್ತು ದಾಟುತ್ತಿದ್ದಂತೆ ಸಿಕ್ಕಿಬಿಡುತ್ತೆ. ಬದಲಾಯಿಸಬೇಕಾದ್ದು ಕೆಪಾಸಿಟರ್ ಒಂದೇ.

ಹೇಗೆ ಅಂತೀರಾ? 0.15 ಮೈಕ್ರೋಫ್ಯಾರಡ್, 2000 ವೋಲ್ಟ್ ಡಿಸಿಯ ಪಾಲಿಪ್ರೊಪಿಲೀನ್ ಪಲ್ಸ್ ಕೆಪಾಸಿಟರ್ ಹತ್ತನ್ನು ಸೀರೀಸಿನಲ್ಲಿ ಜೋಡಿಸಿ. ಒಟ್ಟು 15 ನ್ಯಾನೋಫ್ಯಾರಡ್, 20 ಕಿಲೋವೋಲ್ಟ್. ಪ್ರತಿಯೊಂದರ ಕಾಲಿಗೂ ಅಡ್ಡವಾಗಿ 10 ಮೆಗಓಮ್ ರೆಸಿಸ್ಟರ್ ಬೆಸುಗೆ ಹಾಕಿ. ಇದನ್ನು ಮಾತ್ರ ಬಿಡಬೇಡಿ.

ಇನ್ನೊಂದು ಉತ್ತರ

ಬಾಟಲಿ ಪರವಾಗಿ ಒಂದು ಮಾತು. ಕೈಗೆ ಸಿಗುವ ಸಾಮಾನಿನಲ್ಲಿ ಕಲಿಯಲು ಅದಕ್ಕಿಂತ ಒಳ್ಳೇದಿಲ್ಲ, ಒಡೆದರೆ ಇನ್ನೊಂದು. ಬಾಟಲಿ ಸಂಖ್ಯೆ ಮೂರು ಪಟ್ಟು ಮಾಡಿದರೂ ನಿಮ್ಮ ಕಾಯಿಲ್ ಟ್ಯೂನ್ ಆಗುತ್ತೆ. ಆದರೆ ಗಾಜು ಬಿಸಿಯಾಗಿ ಶಕ್ತಿ ತಿನ್ನುವುದು ನಿಜ, ಕಿಡಿ ಅಷ್ಟು ಉದ್ದ ಬರಲ್ಲ. ಉಪ್ಪುನೀರಿನ ಮೇಲೆ ತೆಳುವಾಗಿ ಎಣ್ಣೆ ಬಿಡಿ, ಬಾಯಿಯ ಹತ್ತಿರ ನೇರಳೆ ಬಣ್ಣದಲ್ಲಿ ಉರಿಯುವುದು ಕಡಿಮೆಯಾಗುತ್ತೆ.

15 ನ್ಯಾನೋಫ್ಯಾರಡ್ ಅಂದಿದ್ದಕ್ಕೆ ಇನ್ನೊಂದು ಕಾರಣವೂ ಇದೆ. 50 ಹರ್ಟ್ಸಿನಲ್ಲಿ ನಿಮ್ಮ ಟ್ರಾನ್ಸ್‌ಫಾರ್ಮರ್ ಸುಮಾರು 10.6 ನ್ಯಾನೋಫ್ಯಾರಡ್‌ಗೆ ತಾನೇ ರೆಸೊನೆನ್ಸ್‌ಗೆ ಬರುತ್ತೆ. ಅಷ್ಟೇ ಬೆಲೆಯ ಕೆಪಾಸಿಟರ್ ಹಾಕಿದರೆ ವೋಲ್ಟೇಜು ಏರುತ್ತಾ ಹೋಗಿ ಒಳಗಿನ ಸುತ್ತು ಸುಟ್ಟುಹೋಗಬಹುದು. ಸ್ಥಿರ (ತಿರುಗದ) ಸ್ಪಾರ್ಕ್ ಗ್ಯಾಪ್ ಇದ್ದವರು ಅದರ ಒಂದೂವರೆ ಪಟ್ಟು ಇಡುವುದು ಇದಕ್ಕೇ.

ಇನ್ನೊಂದು ಉತ್ತರ

ಎಲ್ಲರೂ ಕೆಪಾಸಿಟರ್ ಹಿಂದೆ ಬಿದ್ದಿದ್ದೀರಿ. ಸೇಫ್ಟಿ ಗ್ಯಾಪ್ (ವೋಲ್ಟೇಜು ಮಿತಿ ಮೀರಿದರೆ ಕಿಡಿ ಹಾರಿಸಿ ಟ್ರಾನ್ಸ್‌ಫಾರ್ಮರ್ ಉಳಿಸುವ ಸಂದು) ಇದೆಯಾ ಅಂತ ಯಾರೂ ಕೇಳಲೇ ಇಲ್ಲ! ಟ್ರಾನ್ಸ್‌ಫಾರ್ಮರಿನ ಎರಡು ತುದಿಗೂ ಅಡ್ಡಲಾಗಿ ಅದು ಇರಲೇಬೇಕು. ಉಳಿದಿದ್ದನ್ನೆಲ್ಲ ಬಿಡಿಸಿ, ಬರೀ ಟ್ರಾನ್ಸ್‌ಫಾರ್ಮರ್ ಓಡಿಸಿ, ಕಿಡಿ ಹಾರುವುದು ಆಗಷ್ಟೇ ನಿಲ್ಲುವಷ್ಟು ಅಗಲಕ್ಕೆ ಅದನ್ನು ಇಡಿ. ಒಂದೊಂದು ಸಲ ಸರಿಸುವಾಗಲೂ ಪ್ಲಗ್ ಕಿತ್ತಿರಬೇಕು. ಆಮೇಲೆ ಮುಖ್ಯ ಗ್ಯಾಪನ್ನು ಅದಕ್ಕಿಂತ ಕಿರಿದಾಗಿಟ್ಟು ಶುರು ಮಾಡಿ. ಕಿಡಿ ಉದ್ದ ಬರಲಿ ಅಂತ ಮುಖ್ಯ ಗ್ಯಾಪ್ ಅಗಲಿಸುವ ಚಪಲ ಎಲ್ಲರಿಗೂ ಇರುತ್ತೆ. ಸೇಫ್ಟಿ ಗ್ಯಾಪ್ ಹಾರತೊಡಗಿದರೆ ಅಲ್ಲಿಗೇ ನಿಲ್ಲಿಸಿ. ಗ್ಯಾಪಿಗೆ ಗಾಳಿ ಹಾಯುವಂತೆ ಸಣ್ಣ ಫ್ಯಾನ್ ಇಟ್ಟರೆ ಕಿಡಿ ಬೇಗ ಆರಿ ಕಾಯಿಲ್ ಚುರುಕಾಗುತ್ತೆ. ಬರಿಗಣ್ಣಲ್ಲಿ ಆ ಗ್ಯಾಪನ್ನು ದಿಟ್ಟಿಸಬೇಡಿ, ವೆಲ್ಡಿಂಗ್ ಬೆಳಕಿನ ಹಾಗೇ ಅದರಲ್ಲೂ ಅಲ್ಟ್ರಾವಯಲೆಟ್ ಇದೆ. ಕಿಟಕಿ ತೆಗೆದಿರಿ, ಓಝೋನ್ ತುಂಬಿಕೊಳ್ಳುತ್ತೆ.

ಇನ್ನೊಂದು ಉತ್ತರ

ಹೈ ಫ್ರೀಕ್ವೆನ್ಸಿ ಕರೆಂಟು ಚರ್ಮದ ಮೇಲೇ ಹರಿದು ಹೋಗುತ್ತೆ, ಕೈಯಲ್ಲಿ ಹಿಡಿದರೂ ಏನಾಗಲ್ಲ ಅನ್ನುವವರು ಸಿಗುತ್ತಾರೆ. ನಂಬಬೇಡಿ. 200 ಕಿಲೋಹರ್ಟ್ಸಿನಲ್ಲಿ ಅದು ಮೈಯೊಳಗೇ ಹರಿಯುತ್ತೆ. ಆ ವೇಗಕ್ಕೆ ನರಗಳು ಸರಿಯಾಗಿ ಸ್ಪಂದಿಸುವುದಿಲ್ಲ, ಅದಕ್ಕೇ ಶಾಕ್ ಅನ್ನಿಸಲ್ಲ. ಒಳಗೆ ಮಾಂಸ ಸುಡುವುದು ಸುಡುತ್ತಲೇ ಇರುತ್ತೆ. ಮೇಲಿನ ಕಿಡಿ ಪ್ರೈಮರಿಗೆ ಬಡಿದರಂತೂ 9 ಕಿಲೋವೋಲ್ಟ್ ನೇರ ನಿಮ್ಮ ಕೈಗೆ. ಕೊಲ್ಲುವುದು ಟ್ರಾನ್ಸ್‌ಫಾರ್ಮರ್ ಮತ್ತು ಕೆಪಾಸಿಟರ್. ಆ 10 ಮೆಗಓಮ್ ರೆಸಿಸ್ಟರುಗಳು ಎಂಟ್ಹತ್ತು ಸೆಕೆಂಡಿನಲ್ಲಿ ಚಾರ್ಜ್ ಇಳಿಸುತ್ತವೆ, ಆದರೂ ಮುಟ್ಟುವ ಮುಂಚೆ ಉದ್ದನೆಯ ಪ್ಲಾಸ್ಟಿಕ್ ಕೋಲಿಗೆ ಕಟ್ಟಿದ ಅರ್ತ್ ತಂತಿಯಿಂದ ಶಾರ್ಟ್ ಮಾಡಿ. ಒಬ್ಬರೇ ಇರುವಾಗ ಓಡಿಸಬೇಡಿ. ಪೇಸ್‌ಮೇಕರ್ ಇದ್ದವರು ಹತ್ತಿರ ಸುಳಿಯಬಾರದು.

ಸೆಕೆಂಡರಿಯ ಬುಡವನ್ನು ಗೋಡೆ ಸಾಕೆಟ್ಟಿನ ಅರ್ತ್‌ಗೆ ಕೊಟ್ಟಿಲ್ಲ ತಾನೇ? ಬೇರೆಯೇ ಅರ್ತ್ ರಾಡ್ ಹೊಡೆಯಿರಿ. ಇಲ್ಲದಿದ್ದರೆ ಮನೆಯ ಟಿವಿ, ರೂಟರ್‌ಗಳ ಆಸೆ ಬಿಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಕೆಪಾಸಿಟರ್ ಬದಲಾಯಿಸಿದೆ, ಬೇರೆ ರಾಡ್ ಹಾಕಿದೆ. ಟ್ಯಾಪ್ ಹತ್ತು ಸುತ್ತಿನಲ್ಲಿ ಇಟ್ಟ ಕೂಡಲೇ ಮೊಳದುದ್ದ ಕಿಡಿ! ಆದರೆ ಹೊಸ ತಲೆನೋವು: ಸೆಕೆಂಡರಿ ಮೈಮೇಲೆ ಸಣ್ಣ ಸಣ್ಣ ಕಿಡಿ ಸರಸರ ಮೇಲಕ್ಕೆ ಓಡುತ್ತವೆ. ಬುಡದಿಂದ ಮೂರನೇ ಒಂದು ಭಾಗದ ಹತ್ತಿರ ವಾರ್ನಿಶ್ ಕಪ್ಪಾಗಿದೆ.

ಉತ್ತರ

ಕಪ್ಲಿಂಗ್, ಅಂದರೆ ಪ್ರೈಮರಿ ಸೆಕೆಂಡರಿಗಳ ನಡುವಿನ ಹಿಡಿತ, ಜಾಸ್ತಿಯಾಗಿದೆ. ಸೆಕೆಂಡರಿಯನ್ನು ಪ್ರೈಮರಿಯಿಂದ ಎರಡು ಮೂರು ಸೆಂ.ಮೀ. ಮೇಲಕ್ಕೆತ್ತಿ, ಅಡಿಗೆ ಮರದ ತುಂಡು ಸಾಕು. ಕಿಡಿ ಓಟ ನಿಲ್ಲುವವರೆಗೂ ಎತ್ತುತ್ತಾ ಹೋಗಿ. ಎತ್ತಿದ ಮೇಲೆ ಟ್ಯೂನಿಂಗ್ ಮತ್ತೆ ನೋಡಬೇಕು, ಟ್ಯೂನ್ ತಪ್ಪಿದ್ದರೂ ಇದೇ ಥರ ಓಡುತ್ತವೆ.

ಉದ್ದನೆಯ ಕಿಡಿ ಹೊರಟಾಗ ಅದೇ ಒಂದು ಕೆಪಾಸಿಟರಿನಂತೆ ಸೆಕೆಂಡರಿಗೆ ಸೇರಿಕೊಂಡು ಫ್ರೀಕ್ವೆನ್ಸಿ ಇಳಿಸುತ್ತೆ. ಹಾಗಾಗಿ ಲೆಕ್ಕದಲ್ಲಿ ಬಂದ ಜಾಗಕ್ಕಿಂತ ಅರ್ಧ ಸುತ್ತು ಹೊರಗೆ ನಿಮಗೆ ಹೆಚ್ಚು ಸಿಗಬಹುದು. ಬಳೆಗೆ ಒಂದು ಮೊನಚು ತಂತಿ ಸಿಕ್ಕಿಸಿ, ಕಿಡಿ ಅಲ್ಲಿಂದಲೇ ಹೊರಡುತ್ತೆ. ಅದರ ಎದುರು ಅರ್ತ್ ಮಾಡಿದ ಕಂಬಿ ನಿಲ್ಲಿಸಿ, ಟ್ಯಾಪ್ ಕಾಲು ಸುತ್ತು ಸರಿಸಿ, ಕಿಡಿ ಮುಟ್ಟಿದರೆ ಕಂಬಿಯನ್ನು ಇನ್ನಷ್ಟು ದೂರ ಇಡಿ. ಮುಟ್ಟದೇ ಹೋದ ಕಡೆಯಿಂದ ಹಿಂದಕ್ಕೆ ಬನ್ನಿ. ಕಣ್ಣಂದಾಜಿಗಿಂತ ಇದು ಎಷ್ಟೋ ವಾಸಿ. ಹವ್ಯಾಸಿಗಳ ಒಂದು ಸೂತ್ರವಿದೆ: ವಾಟ್‌ಗಳ ವರ್ಗಮೂಲದ 1.7 ಪಟ್ಟು ಇಂಚು. ನಿಮ್ಮ 270 ವಾಟ್‌ಗೆ 28 ಇಂಚು. ಅಷ್ಟು ಬಂದರೆ ಬಹಳ ಚೆನ್ನಾಗಿದೆ ಅಂತ, ಅದಕ್ಕಿಂತ ಕಡಿಮೆ ಬಂದರೂ ಬೇಜಾರಾಗಬೇಡಿ.

ಕಪ್ಪಾದ ಜಾಗವನ್ನು ಹಾಗೇ ಬಿಟ್ಟು ಓಡಿಸಬೇಡಿ. ಇಂಗಾಲ ಕರೆಂಟು ಹರಿಸುತ್ತೆ, ಮುಂದಿನ ಕಿಡಿ ಅಲ್ಲಿಗೇ ಬರುತ್ತೆ. ತಂತಿ ತುಂಡಾಗಿಲ್ಲ ಅಂತ ಮೀಟರಿನಲ್ಲಿ ನೋಡಿಕೊಂಡು, ಕರಿಯನ್ನು ಪೂರ್ತಿ ಕೆರೆದು ಒರೆಸಿ, ಎರಡು ಮೂರು ಕೋಟ್ ಪಾಲಿಯುರೆಥೇನ್ ವಾರ್ನಿಶ್ ಹಚ್ಚಿ. ಒಂದೊಂದು ಕೋಟೂ ಪೂರ್ತಿ ಒಣಗಿದ ಮೇಲೇ ಮುಂದಿನದ್ದು.