ಹಳೇ ಕಾರು ಕೊಂಡೆ, ಆರ್‌ಸಿ ನನ್ನ ಹೆಸರಿಗೆ ಹೇಗೆ?

ಪ್ರಶ್ನೆ: ಮೈಸೂರಲ್ಲೇ ಕೆಎ-09 ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಮಾರಿದವರ ಸಾಲ ತೀರಿದೆಯಂತೆ, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇದೆ. ಹೆಸರು ವರ್ಗಾವಣೆಯ ಫಾರಂ 29, 30 ಎರಡೇ ಸಾಕಾ?

ಉತ್ತರ 1: ಸಾಲದು ಸಾರ್. ಸಾಲ ತೀರಿದ ಮಾತ್ರಕ್ಕೆ ಹೈಪೋಥಿಕೇಶನ್ (ಆರ್‌ಸಿಯಲ್ಲಿರೋ ಬ್ಯಾಂಕ್ ಸಾಲದ ನಮೂದು) ತಾನಾಗಿ ಹೋಗಲ್ಲ. ಅದನ್ನು ತೆಗೆಸಲು ಬ್ಯಾಂಕಿನ ಎನ್‌ಒಸಿ (ತಕರಾರಿಲ್ಲ ಎನ್ನುವ ಪತ್ರ), ಜೊತೆಗೆ ಬ್ಯಾಂಕ್ ಸೀಲು-ಸಹಿ ಇರುವ ಫಾರಂ 35 ಬೇಕು. ಅದನ್ನು ಮಾರಿದವರ ಕೈಲೇ ಮೊದಲು ಮಾಡಿಸಿ. ಆಮೇಲೆ ಸರ್ಕಾರದ ಪರಿವಾಹನ್ ಪೋರ್ಟಲ್‌ನಲ್ಲಿ ಹೆಸರು ಬದಲಾವಣೆಗೆ ಅರ್ಜಿ. ಆರ್‌ಸಿಗೆ ಹಳೇ ಮೊಬೈಲ್ ನಂಬರ್ ಜೋಡಣೆಯಾಗಿದ್ದರೆ ಓಟಿಪಿ ಬರೋದೇ ಇಲ್ಲ, ಅರ್ಜಿ ಅಲ್ಲೇ ನಿಲ್ಲುತ್ತೆ. ಪೂರ್ತಿ ದುಡ್ಡು ಕೊಡೋ ಮುಂಚೆ ಇದನ್ನು ನೋಡಿಕೊಳ್ಳಿ.

ಉತ್ತರ 2: ಫಾರಂ 29 ಎರಡು ಪ್ರತಿ ಇರಲಿ. ಮಾರಿದವರ ಸಹಿ ಆರ್‌ಟಿಓ ದಾಖಲೆಯ ಸಹಿಗೆ ಹೊಂದದಿದ್ದರೆ ಕಡತ ವಾಪಸ್. ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಡಿ. ಧೂಳು, ಗ್ರೀಸ್ ಒರೆಸದಿದ್ದರೆ ಅಂಕಿ ಮೂಡಲ್ಲ. ವಿಳಾಸದ ದಾಖಲೆ, ಚಾಲ್ತಿ ವಿಮೆ, ಎಮಿಷನ್ ಸರ್ಟಿಫಿಕೇಟ್ ಇರಲೇಬೇಕು. ಬಾಕಿ ದಂಡ ಇದ್ದರೆ ಮೊದಲೇ ಕಟ್ಟಿಸಿ. ಹೆಸರು ಬದಲಾವಣೆಗೆ ಅರ್ಜಿ ಕೊಡಲು ಕೊಂಡವರಿಗೆ ಗಡುವು 30 ದಿನ.

ಉತ್ತರ 3: ವಿಮೆ ಮರೀಬೇಡಿ. ಪಾಲಿಸಿ ನಿಮ್ಮ ಹೆಸರಿಗೆ ಮಾಡಲು 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಿ. ಇಲ್ಲದಿದ್ದರೆ ನಿಮ್ಮ ಕಾರಿನ ಡ್ಯಾಮೇಜ್ ಕ್ಲೇಮಿಗೆ ತಕರಾರು ಬರುತ್ತೆ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ) ಮಾತ್ರ ಮಾರಿದವರದ್ದೇ, ಕಾರಿನ ಜೊತೆ ನಿಮಗೆ ಬರಲ್ಲ. ಆ ವ್ಯತ್ಯಾಸದ ಹಣ ಕಂಪನಿಯವರು ನಿಮ್ಮನ್ನ ಕೇಳ್ತಾರೆ.