ಭಟ್ಟರ ಕಡಲಿಗೊಬ್ಬ ಸಸ್ಯಾಹಾರಿ

ಆಟಿ ತಿಂಗಳ ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ಮಧ್ಯಾಹ್ನ, ಬದಿಯಡ್ಕದಿಂದಾಚೆ ಅಡಿಕೆ ತೋಟದ ನಡುವಿರುವ ಭಟ್ಟರ ಮನೆಯ ಜಗಲಿಯಲ್ಲಿ ನಾವು ನಾಲ್ವರು ಸೇರಿದ್ದೆವು. ಅಡಿಕೆಗೆ ಮದ್ದು ಬಿಡಲು ಮಳೆ ಬಿಡುವು ಕೊಡದ ಕಾರಣ ಭಟ್ಟರಿಗೆ ಅಂದು ಕೆಲಸವಿರಲಿಲ್ಲ. ನಿವೃತ್ತ ಮಾಷ್ಟ್ರಾದ ನನಗೆ ಯಾವ ದಿನವೂ ಇರುವುದಿಲ್ಲ. ರೈಗಳು ಕೆಲಸವಿದ್ದರೂ ಅದನ್ನು ಮಾಡುವವರಲ್ಲ. ನಾಲ್ಕನೆಯವರಾದ ಅಬ್ಬಾಸಿಚ್ಚ ಹನ್ನೆರಡು ವರ್ಷ ಗಲ್ಫಿನಲ್ಲಿ ಅಲಂಕಾರದ ಮೀನು ಮಾರುವ ಅಂಗಡಿಯಲ್ಲಿ ದುಡಿದು ಬಂದವರಾದ್ದರಿಂದ, ಭಟ್ಟರೇ ಜೀಪು ಕಳಿಸಿ ಅವರನ್ನು ಕರೆಸಿದ್ದರು. ಮಾತು ನಡೆದದ್ದು ಹವ್ಯಕ, ತುಳು, ಮಲೆಯಾಳಗಳನ್ನು ಒಟ್ಟಿಗೆ ಅರೆದ ಚಟ್ನಿಯಂಥ ಭಾಷೆಯಲ್ಲಿ. ಮೂವತ್ತು ವರ್ಷ ವ್ಯಾಕರಣ ಕಲಿಸಿದ ಚಟದಿಂದ ಅದನ್ನು ನಾನಿಲ್ಲಿ ತಿದ್ದಿ ಬರೆದಿದ್ದೇನೆ.

ವಿಷಯವೇನೆಂದರೆ, ಭಟ್ಟರ ಮಗ ವಿಷುವಿಗೆ ಬೆಂಗಳೂರಿನಿಂದ ಬಂದವನು ಚಾವಡಿಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಒಂದನ್ನು ಕಟ್ಟಿ, ಕಲ್ಲು ಜೋಡಿಸಿ, ಎರಡು ಕ್ಲೌನ್ ಮೀನುಗಳನ್ನು ಬಿಟ್ಟು ಹೋಗಿದ್ದ. ಮೊದಲ ತಿಂಗಳಲ್ಲಿ ಗಾಜಿನ ಮೇಲೆ ಚಹಾಪುಡಿ ಉದುರಿಸಿದಂಥ ಕಂದು ಲೇಪ ಕಾಣಿಸಿಕೊಂಡಿತು. ಅದು ತಾನಾಗಿ ಹೋಯಿತೆಂದು ಭಟ್ಟರು ಹಿಗ್ಗುತ್ತಿದ್ದಂತೆಯೇ ಕಲ್ಲುಗಳ ಮೇಲೆ ಜವಳ ತೆಗೆಯದ ಮಗುವಿನ ಕೂದಲಿನಂತೆ ಹಸಿರು ಎಳೆಗಳು ಬೆಳೆಯತೊಡಗಿ, ಈಗ ಮೀನೆಲ್ಲಿದೆಯೆಂದು ಹುಡುಕಬೇಕಾದ ಸ್ಥಿತಿ ಬಂದಿತ್ತು.

"ಅಂಗಳದಲ್ಲಿ ಪಾಚಿ ಕಟ್ಟಿದರೆ ಸೋಗೆ ಹಾಸಿಯಾದರೂ ನಡೆಯಬಹುದು, ಇದರೊಳಗೆ ಏನನ್ನು ಹಾಸಲಿ?" ಎಂದು ಪೀಠಿಕೆ ಹಾಕಿದ ಭಟ್ಟರು, ಬಾಗಿಲ ಮರೆಯಿಂದ ಪ್ಲಾಸ್ಟಿಕ್ ಚೀಲವೊಂದನ್ನು ತಂದು ನಮ್ಮೆದುರು ಎತ್ತಿ ಹಿಡಿದರು. ಒಳಗೆ ಬೆರಳುದ್ದದ ಕಪ್ಪು ಮೀನೊಂದು ಬಾಯಿಯನ್ನು ಚೀಲಕ್ಕೆ ಅಂಟಿಸಿಕೊಂಡು ನಿಂತಿತ್ತು. ಪೇಟೆಯ ಅಂಗಡಿಯವನು ಎಂಥ ಪಾಚಿಯನ್ನೂ ಇದು ಒಂದು ವಾರದಲ್ಲಿ ನೆಕ್ಕಿ ಮುಗಿಸುತ್ತದೆಂದು ಹೇಳಿ ಕೊಟ್ಟನಂತೆ.

ಅಬ್ಬಾಸಿಚ್ಚ ಎಲೆಯಡಿಕೆಯನ್ನು ಬಾಯಿಗೆ ಹಾಕುವವರಿದ್ದರು, ಕೈ ಅಲ್ಲಿಯೇ ನಿಂತಿತು. "ಭಟ್ರೇ, ಇದು ಸಕ್ಕರ್ ಮೀನು, ದಕ್ಷಿಣ ಅಮೆರಿಕದ ಹೊಳೆಗಳದ್ದು. ಪಾಚಿ ತಿನ್ನುವುದು ನಿಜ, ಆದರೆ ಸಿಹಿನೀರಿನಲ್ಲಿ. ನಿಮ್ಮ ತೊಟ್ಟಿಯಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ಅದಕ್ಕೆ ಇದನ್ನು ಬಿಟ್ಟರೆ ಪಾಚಿ ಉಳಿಯುತ್ತದೆ, ಮೀನು ಹೋಗುತ್ತದೆ."

"ಹಾಗಾದರೆ ತೋಟದ ಕೆರೆಗೆ ಬಿಡೋಣವೇ?" ಎಂದರು ರೈಗಳು.

"ಅದಂತೂ ಬೇಡವೇ ಬೇಡ. ಸಾಕಿದವರು ಹೀಗೆ ಕೆರೆತೋಡುಗಳಿಗೆ ಬಿಟ್ಟೇ ಕೇರಳದ ನೀರಿನಲ್ಲಿ ಇದು ತುಂಬಿಕೊಂಡು, ಊರಿನ ಮೀನುಗಳಿಗೆ ಕುತ್ತಾಗಿರುವುದು."

ತೀರ್ಪು ಬರುವವರೆಗೆ ಆ ಮೀನನ್ನು ಬಾವಿಕಟ್ಟೆಯ ಬದಿಯಲ್ಲಿದ್ದ ಹಳೆಯ ಕಲ್ಲಿನ ಮರಿಗೆಗೆ ಹಾಕುವುದೆಂದು ನಿಶ್ಚಯವಾಯಿತು. ಆಮೇಲೆ ನಿಜವಾದ ವಾದ ಆರಂಭವಾಯಿತು.

ರೈಗಳು ಮಳೆಗಾಲದ ತಾಳಮದ್ದಳೆಗಳಲ್ಲಿ ಅರ್ಥ ಹೇಳುವವರಾದ್ದರಿಂದ ಯಾವ ಪಕ್ಷ ವಹಿಸಿದರೂ ಅದನ್ನು ಪದ ಎತ್ತಿದ ಗತ್ತಿನಲ್ಲಿಯೇ ಮಂಡಿಸುತ್ತಾರೆ. ಅವರ ಪಕ್ಷ ಹಳದಿ ಟ್ಯಾಂಗಿನದು. ಲಿಂಬೆಹಣ್ಣಿಗೆ ರೆಕ್ಕೆ ಬಂದಂತಿರುವ, ಹಗಲಿಡೀ ಕಲ್ಲು ಮೇಯುವ ಆ ಮೀನಿನೆದುರು ಉಳಿದವು ಮೀನೇ ಅಲ್ಲವೆಂದೂ, ಗೃಹಸ್ಥನ ಚಾವಡಿಗೆ ಒಂದು ಶೋಭೆ ಬೇಕೆಂದೂ ಅವರು ಸಾಧಿಸಿದರು. ಅಬ್ಬಾಸಿಚ್ಚ ಪ್ರತಿವಾದ ಹೂಡದೆ ತೊಟ್ಟಿಯ ಅಳತೆ ಕೇಳಿದರು. ಮೂರಡಿ ಉದ್ದ, ಒಂದೂಕಾಲಡಿ ಅಗಲ, ಒಂದೂವರೆಯಡಿ ಎತ್ತರವೆಂದು ಭಟ್ಟರು ಹೇಳಿದಾಗ, ಲೆಕ್ಕ ಹಾಕುವ ಕೆಲಸ ಸಹಜವಾಗಿ ನನ್ನ ಪಾಲಿಗೆ ಬಂತು: ಸುಮಾರು 160 ಲೀಟರು, ಮರಳು ಕಲ್ಲುಗಳು ಹಿಡಿಯುವ ಜಾಗವನ್ನು ಕಳೆದರೆ ಇನ್ನೂ ಕಡಿಮೆ.

"ಹಳದಿ ಟ್ಯಾಂಗ್ 20 ಸೆಂಟಿಮೀಟರ್ ಬೆಳೆಯುತ್ತದೆ, ರೈಗಳೇ. ಹವಾಯಿಯ ಬಂಡೆಗಳ ಮೇಲೆ ಈಜಾಡಿ ಮೇಯುವ ಜಾತಿ ಅದು. ಹತ್ತಿರ ಹತ್ತಿರ 400 ಲೀಟರಿನ ತೊಟ್ಟಿಯಾದರೂ ಬೇಕು. ಇಕ್ಕಟ್ಟಿನಲ್ಲಿಟ್ಟರೆ ಸೊರಗಿ ಮೈಮೇಲೆ ಬಿಳಿಚುಕ್ಕೆ ರೋಗ ಬರಿಸಿಕೊಳ್ಳುತ್ತದೆ, ಸಿಟ್ಟು ಬಂದರೆ ಬಾಲದ ಬುಡದಲ್ಲಿರುವ ಚೂರಿಯಿಂದ ಪಕ್ಕದ ಮೀನನ್ನು ಗೀರುತ್ತದೆ. ತೊಟ್ಟಿಯಲ್ಲಿ ಮರಿ ಮಾಡಿಸುವ ವಿದ್ಯೆ ಹವಾಯಿಯವರಿಗೇ ಕೈಗೂಡಿದ್ದು 2015ರಲ್ಲಿ. ಬೆಲೆಯ ಮಾತನ್ನು ನಾನು ಊಟವಾದ ಮೇಲೆ ಹೇಳುತ್ತೇನೆ."

ಅದೇ ವರ್ಗದ ಕೋಲೆ ಟ್ಯಾಂಗ್ ಸ್ವಲ್ಪ ಚಿಕ್ಕದು, ಹಲ್ಲುಗಳು ಬ್ರಶ್ಶಿನ ಕೂದಲಿನಂತಿದ್ದು ಕಲ್ಲಿನ ಮೇಲಿನ ತೆಳು ಲೇಪವನ್ನು ಬಾಚಿ ತಿನ್ನುತ್ತದೆ. ಆದರೆ ಅದಕ್ಕೂ ಮೂರಡಿ ಸಾಲದು. ಫಾಕ್ಸ್‌ಫೇಸ್ ಎಂಬ ಮೊಲಮೀನಿನ ವರ್ಣನೆ ಬಂದಾಗ ರೈಗಳ ಮುಖ ಮತ್ತೆ ಅರಳಿತು: ಹಳದಿ ಮೈ, ಯಕ್ಷಗಾನದ ಚೌಕಿಯಲ್ಲಿ ಈಗಷ್ಟೇ ಬರೆಸಿಕೊಂಡು ಬಂದಂಥ ಕಪ್ಪುಬಿಳುಪಿನ ಮುಖವರ್ಣಿಕೆ, ಬೆಚ್ಚಿಬಿದ್ದರೆ ಕ್ಷಣದಲ್ಲಿ ಬಣ್ಣ ಕಳಚಿ ಮಾಸಲು ಮಚ್ಚೆಯ ವೇಷ. ಬೇರೆ ಮೀನುಗಳು ಮೂಸದ ಪಾಚಿಯನ್ನೂ ಅದು ಮೇಯುವುದುಂಟು. ಬೆನ್ನಿನ ಮುಳ್ಳುಗಳಲ್ಲಿ ವಿಷವಿದೆ, ಗಾಜು ಒರೆಸಲು ಕೈ ಹಾಕುವಾಗ ಜಾಗ್ರತೆ ಬೇಕು ಎಂದು ತಿಳಿದದ್ದೇ, ಒಳಗೆ ಕಾಫಿ ಸೋಸುತ್ತಿದ್ದ ಅತ್ತಿಗೆಯವರು ಅಲ್ಲಿಂದಲೇ ಆ ವೇಷವನ್ನು ರಂಗಸ್ಥಳದಿಂದ ಇಳಿಸಿದರು.

"ನಮ್ಮದೇ ಕರಿಮೀನು ಯಾಕಾಗಬಾರದು?" ಎಂದು ರೈಗಳು ಹೊಸ ಪ್ರಸಂಗ ತೆಗೆದರು. "2010ರಲ್ಲಿ ಕೇರಳ ಸರಕಾರವೇ ರಾಜ್ಯದ ಮೀನೆಂದು ಸಾರಿದೆ, ಪಾಚಿಯನ್ನೂ ತಿನ್ನುತ್ತದೆ." ಅದು ಉಪ್ಪೂ ಸಿಹಿಯೂ ಬೆರೆಯುವ ಅಳಿವೆಯ ಮೀನು, ಈ ತೊಟ್ಟಿಗೆ ಹೇಳಿದ್ದಲ್ಲವೆಂದು ಅಬ್ಬಾಸಿಚ್ಚ ವಿವರಿಸಿದರಾದರೂ, ರೈಗಳ ಕಣ್ಣಿನಲ್ಲಿ ಆಗ ಮಿನುಗುತ್ತಿದ್ದದ್ದು ಅಕ್ವೇರಿಯಂ ಅಲ್ಲ, ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಇನ್ನೊಂದು ವಸ್ತುವೆಂಬುದು ನಮಗೆಲ್ಲ ತಿಳಿಯುವಂತಿತ್ತು.

ಭಟ್ಟರು ಗಂಟಲು ಸರಿಪಡಿಸಿಕೊಂಡು ತಮ್ಮ ಷರತ್ತು ಹೇಳಿದರು. ಕ್ಲೌನ್ ಮೀನುಗಳಿಗೆ ಕೊಡುವ ಆಹಾರದ ಡಬ್ಬಿಯ ಮೇಲೆ ಸಿಗಡಿಯ ಹೆಸರನ್ನು ಓದಿದಂದಿನಿಂದ ಅವರ ಮನಸ್ಸು ಕದಡಿತ್ತು. ಇನ್ನು ಬರುವ ಮೀನಾದರೂ ಅಪ್ಪಟ ಸಸ್ಯಾಹಾರಿಯಾಗಿರಬೇಕು. "ಅನಂತಪುರದ ಕೆರೆಯ ಮೊಸಳೆ ಬಬಿಯಾ ನೈವೇದ್ಯ ಉಂಡುಕೊಂಡು 2022ರವರೆಗೆ ಬಾಳಲಿಲ್ಲವೇ? ಮೊಸಳೆಗೆ ಆದದ್ದು ಮೀನಿಗೆ ಆಗದೇ?" ಎಂಬುದು ಅವರ ಪ್ರಶ್ನೆ. ಪಾಚಿಯ ನಡುವೆ ಸಿಕ್ಕಿದ ಸಣ್ಣಪುಟ್ಟ ಹುಳಹುಪ್ಪಟೆಗಳನ್ನು ಮೀನು ಆರಿಸಿ ಬದಿಗಿಡುವುದಿಲ್ಲವೆಂದು ಅಬ್ಬಾಸಿಚ್ಚ ಹೇಳಿದಾಗ, ಅಕ್ಕಿಯಲ್ಲಿಯೂ ಹುಳವಿರುತ್ತದೆಂಬ ನ್ಯಾಯದಿಂದ ಭಟ್ಟರು ಅಷ್ಟನ್ನು ಮನ್ನಿಸಿದರು.

ಆಗ ಅಬ್ಬಾಸಿಚ್ಚ ಅಗ್ಗದ ದಾರಿಯೊಂದನ್ನು ತೋರಿಸಿದರು. ಸಿಹಿನೀರಿನ ಅಂಗಡಿಯಲ್ಲಿ ಸಿಗುವ ಕಪ್ಪು ಮೊಲಿಯನ್ನು ತಂದು, ಅದಿರುವ ಪಾತ್ರೆಗೆ ಉಪ್ಪುನೀರನ್ನು ಹಲವು ಗಂಟೆಗಳ ಕಾಲ ಹನಿಹನಿಯಾಗಿ ಸೇರಿಸಿದರೆ ಅದು ಕಡಲಿನ ನೀರಿಗೂ ಒಗ್ಗಿಕೊಳ್ಳುತ್ತದೆ, ಎಳೆ ಪಾಚಿಯನ್ನು ಕಿತ್ತು ತಿನ್ನುತ್ತದೆ. ನನ್ನ ಅಭಿಪ್ರಾಯದಲ್ಲಿ ಅಂದಿನ ಸಭೆಯಲ್ಲಿ ಬಂದ ಅತ್ಯಂತ ವಿವೇಕದ ಸಲಹೆ ಅದೇ ಆಗಿತ್ತು. ಆದರೆ ಸಾವಿರಗಟ್ಟಲೆ ಸುರಿದ ತೊಟ್ಟಿಗೆ ಇಪ್ಪತ್ತು ರೂಪಾಯಿಯ ಮೀನು ಬಿಟ್ಟೆನೆಂದು ಮಗನಿಗೆ ಯಾವ ಬಾಯಲ್ಲಿ ಹೇಳಲಿ ಎಂದು ಭಟ್ಟರು ತಳ್ಳಿಹಾಕಿದರು.

ಉಳಿದದ್ದು ಲಾನ್‌ಮೋವರ್ ಬ್ಲೆನಿ, ಅಂದರೆ ಹುಲ್ಲು ಕತ್ತರಿಸುವ ಯಂತ್ರದ ಹೆಸರು ಹೊತ್ತ, ಹೆಚ್ಚೆಂದರೆ 14 ಸೆಂಟಿಮೀಟರ್ ಬೆಳೆಯುವ, ಈಜುವುದಕ್ಕಿಂತ ಕಲ್ಲಿನ ಮೇಲೆ ಕೂರುವುದನ್ನೇ ಹೆಚ್ಚು ಇಷ್ಟಪಡುವ ಮೀನು. ಒಂದೇ ಒಂದು ಸಾಕು, ಎರಡಿದ್ದರೆ ಜಗಳ. ಜೊತೆಗೆ ನಾಲ್ಕು ಟ್ರೋಕಸ್ ಬಸವನಹುಳ. ಸಭೆ ಒಪ್ಪಿತು.

ಆದರೆ ಅಬ್ಬಾಸಿಚ್ಚ ಅಷ್ಟಕ್ಕೇ ಬಿಡಲಿಲ್ಲ. ಪಾಚಿಗೆ ಊಟ ಹಾಕುತ್ತಿರುವವರು ಯಾರೆಂದು ನೋಡೋಣವೆಂದು ಹೇಳಿ, ತೊಟ್ಟಿಯಲ್ಲಿ ಆವಿಯಾದ ನೀರನ್ನು ತುಂಬಿಸಲು ಭಟ್ಟರು ಬಳಸುತ್ತಿದ್ದ ಬಾವಿಯ ನೀರನ್ನು ಗಾಜಿನ ಕೊಳವೆಯಲ್ಲಿ ತೆಗೆದು, ಮದ್ದಿನ ಹನಿ ಬಿಟ್ಟು ಕುಲುಕಿದರು. ಐದು ನಿಮಿಷದಲ್ಲಿ ಹಳದಿಯಿದ್ದದ್ದು ಕಿತ್ತಳೆಯಾಯಿತು, ಕಿತ್ತಳೆ ಕೆಂಪಿಗೆ ತಿರುಗಿತು. ಬಣ್ಣದ ಪಟ್ಟಿಗೆ ಹಿಡಿದರೆ, ಪಾಚಿಗೆ ಗೊಬ್ಬರವಾಗುವ ನೈಟ್ರೇಟು ಲೀಟರಿಗೆ 40 ಮಿಲಿಗ್ರಾಂ. ಬಾವಿಯ ಮೇಲಿನ ತಟ್ಟಿನಲ್ಲಿ ಭಟ್ಟರ ಅಡಿಕೆ, ಅದರ ಬುಡಕ್ಕೆ ಹಟ್ಟಿಗೊಬ್ಬರ, ಅದರ ಮೇಲೆ ಆಟಿಯ ಮಳೆ. ಸಾಲದ್ದಕ್ಕೆ ನೋಡಲು ಬರುವ ನೆಂಟರಿಗಾಗಿ ದಿನಕ್ಕೆ 14 ಗಂಟೆ ದೀಪ, ಬಂದವರೆಲ್ಲರ ಕೈಯಿಂದ ಮೀನಿಗೆ ಒಂದೊಂದು ಚಿಟಿಕೆ ಆಹಾರ.

"ತೋಟಕ್ಕಿಂತ ಚೆನ್ನಾಗಿ ನೋಡಿಕೊಂಡಿದ್ದೀರಿ, ಭಟ್ರೇ," ಎಂದರು ರೈಗಳು.

ದೀಪ ಎಂಟು ಗಂಟೆಗೆ ಇಳಿಯಿತು, ಬಾವಿ ನೀರಿನ ಬದಲು ಆರ್‌ಓ ಯಂತ್ರದಲ್ಲಿ ಸೋಸಿದ ನೀರು ಬಂತು, ಉದ್ದದ ಎಳೆಗಳನ್ನು ಭಟ್ಟರು ಹಳೆಯ ಹಲ್ಲುಜ್ಜುವ ಬ್ರಶ್ಶಿಗೆ ಸುತ್ತಿ ಸುತ್ತಿ ಕಿತ್ತರು. ಎಳೆ ಉದ್ದವಾದರೆ ಬ್ಲೆನಿ ಮುಟ್ಟುವುದಿಲ್ಲ, ಮೋಟು ಪಾಚಿಯೇ ಅದಕ್ಕೆ ರುಚಿ. ವಾರದೊಳಗೆ ಕೊಚ್ಚಿಯಿಂದ ಮೀನೂ ಬಂತು. ಅದು ಕಲ್ಲಿನ ಮೇಲೆ ಮುಂದಿನ ರೆಕ್ಕೆಗಳನ್ನು ಊರಿ, ತಲೆ ಎತ್ತಿ, ಒಂದು ಕಣ್ಣಿನಲ್ಲಿ ನಮ್ಮನ್ನೂ ಇನ್ನೊಂದರಲ್ಲಿ ಕ್ಲೌನ್ ಮೀನುಗಳನ್ನೂ ಏಕಕಾಲಕ್ಕೆ ನೋಡುತ್ತ, ಎಲೆಯಡಿಕೆ ತುಂಬಿದ ದಪ್ಪ ತುಟಿಯನ್ನು ಅಲ್ಲಾಡಿಸುತ್ತಿರುವಂತೆ ಕೂತದ್ದನ್ನು ಕಂಡಾಗ, ಜಗಲಿಯ ಐದನೆಯ ಸದಸ್ಯನೇ ಬಂದನೆಂದು ನಮಗೆ ಅನಿಸಿತು. ಇದ್ದಕ್ಕಿದ್ದಂತೆ ಹಾರಿ ಗಾಜಿಗೆ ಮುತ್ತಿಡುವುದು, ಮತ್ತೆ ಹಿಂದೆ ಬಂದು ಕೂರುವುದು. ಅದು ಮುತ್ತಿಟ್ಟ ಕಡೆಯಲ್ಲೆಲ್ಲ ಪಾಚಿಯ ಲೇಪದಲ್ಲಿ ತುಟಿಯಾಕಾರದ ಅಚ್ಚು.

ಚೌತಿಯ ಹೊತ್ತಿಗೆ ಗಾಜು ಫಳಫಳ ಹೊಳೆಯುತ್ತಿತ್ತು. ನವರಾತ್ರಿಗೆ ಭಟ್ಟರು ಮತ್ತೆ ಜೀಪು ಕಳಿಸಿದರು. ಬ್ಲೆನಿಯ ಹೊಟ್ಟೆ ಒಳಕ್ಕೆ ಹೋಗಿತ್ತು. ತಿನ್ನಲು ತೊಟ್ಟಿಯಲ್ಲಿ ಪಾಚಿ ಉಳಿದಿರಲಿಲ್ಲ. ಡಬ್ಬಿಯ ಆಹಾರವನ್ನು ಅದು ಮೂಸಿ ಉಗುಳುತ್ತಿತ್ತು. ಜಪಾನಿನವರು ಅನ್ನ ಸುತ್ತುವ ನೋರಿ ಎಂಬ ಒಣಗಿಸಿದ ಕಡಲಪಾಚಿಯ ಹಾಳೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ತೂಗಹಾಕಿದರೆ ಕ್ಲೌನ್ ಮೀನುಗಳು ಅದನ್ನು ಕಚ್ಚಿ ನೋಡಿದವು, ಬ್ಲೆನಿ ಮುಖ ತಿರುಗಿಸಿತು. ಹೊಸ ನೋರಿ ಪೊಟ್ಟಣದ ಬೆಲೆಯನ್ನು ಭಟ್ಟರು ಒಂದು ಕಿಲೋ ಚಾಲಿ ಅಡಿಕೆಯ ಧಾರಣೆಗೆ ಹೋಲಿಸಿ ಎರಡು ಬಾರಿ ಹೇಳಿದರು.

"ಇನ್ನೊಂದೇ ದಾರಿ. ನುಣ್ಣಗಿನ ಹೊಳೆಗಲ್ಲುಗಳನ್ನು ತೊಟ್ಟಿಯ ಉಪ್ಪುನೀರು ತುಂಬಿದ ಬಕೆಟ್ಟಿನಲ್ಲಿ ಬಿಸಿಲಿಗಿಡಿ. ಪಾಚಿ ಹಿಡಿದ ಮೇಲೆ ಎರಡೆರಡನ್ನು ಒಳಗೆ ಹಾಕಿ, ಬೋಳಾದದ್ದನ್ನು ಹೊರಗೆ ತೆಗೆಯಿರಿ," ಎಂದರು ಅಬ್ಬಾಸಿಚ್ಚ.

ಹೀಗೆ ಭಟ್ಟರ ಅಂಗಳದಲ್ಲಿ ಮೂರು ಬಕೆಟ್ಟುಗಳ ಪಾಚಿ ಕೃಷಿ ಆರಂಭವಾಯಿತು. ಬೇಗ ಹಿಡಿಯಲೆಂದು ಅವುಗಳಿಗೆ ತಪ್ಪದೆ ಒಂದೊಂದು ಚೊಂಬು ಬಾವಿ ನೀರು. ಕಳೆದ ಶುಕ್ರವಾರ ನಾನು ಹೋದಾಗ ಒಳಗಿನಿಂದ ಜೋರು ಮಾತು ಕೇಳುತ್ತಿತ್ತು. ಅಂಗಳದಲ್ಲಿ ಗಲೀಜು ಹಿಡಿದು ಬಿದ್ದಿದ್ದ ಕಲ್ಲುಗಳನ್ನು ಕಂಡ ಅತ್ತಿಗೆಯವರು ಅಷ್ಟನ್ನೂ ತೆಂಗಿನ ನಾರಿನಿಂದ ತಿಕ್ಕಿ ತೊಳೆದು, ಬಿಸಿಲಿಗೆ ಸಾಲಾಗಿ ಒಣಹಾಕಿದ್ದರು. ಭಟ್ಟರು ತಲೆಗೆ ಕೈಹೊತ್ತು ಬಾವಿಕಟ್ಟೆಯ ಮೇಲೆ ಕೂತಿದ್ದರು, ಪಕ್ಕದ ಮರಿಗೆಯಲ್ಲಿ ಒಂದು ಗೇಣಾಗಿ ಬೆಳೆದಿದ್ದ ಸಕ್ಕರ್ ಮೀನು ಕಲ್ಲನ್ನು ನೆಕ್ಕುತ್ತಿತ್ತು.