ಮಣ್ಣು, ನೀರು ಉಳಿಸೋ ಓದು ನಮ್ಮ ಕಡೆ ಎಲ್ಲಿ ಸಿಗುತ್ತೆ? ಅನುಭವ ಇದ್ದವರು ಹೇಳಿ

ಹೊಳಲ್ಕೆರೆ ತಾಲ್ಲೂಕಿನಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು ಗುಡ್ಡದ ಓರೆಯಲ್ಲಿರೋ ಐದು ಎಕರೆ ಕೆಂಪು ಮಣ್ಣಿನ ಹೊಲ. ಒಂದು ಜೋರು ಮಳೆ ಬಂದ್ರೆ ಮೇಲ್ಮಣ್ಣೆಲ್ಲ ಹಳ್ಳ ಸೇರುತ್ತೆ, ಬೇಸಿಗೆಗೆ ಬೋರಲ್ಲಿ ನೀರಿರಲ್ಲ. ತಂಗಿ ದ್ವಿತೀಯ ಪಿಯುಸಿ ಓದ್ತಿದ್ದಾಳೆ, ಪಿಸಿಎಂಬಿ. ಮುಂದೆ ಈ ವಿಷಯವನ್ನೇ ಓದ್ತೀನಿ ಅಂತ ಹಠ ಹಿಡಿದಿದ್ದಾಳೆ. ನಾನು ಎಸ್ಸೆಸ್ಸೆಲ್ಸಿಗೇ ಬಿಟ್ಟು ಹೊಲ ನೋಡ್ಕೋತಿದ್ದೀನಿ, ನನಗೂ ಕಲಿಯೋ ಆಸೆ ಇದೆ. ಅವಳಿಗೆ ಯಾವ ಕೋರ್ಸು ಸರಿ, ನನಗೆ ಎಲ್ಲಿ ತರಬೇತಿ ಸಿಗುತ್ತೆ?

ಕೃಷಿ ಎಂಜಿನಿಯರಿಂಗ್ ಓದಿದವಳು, ದಾವಣಗೆರೆ

ತಂಗಿಗೆ ಗಣಿತ ಇಷ್ಟ ಇದ್ದರೆ ಬಿ.ಟೆಕ್. ಕೃಷಿ ಎಂಜಿನಿಯರಿಂಗ್ ನೋಡಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿದೆ, ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿ ಮಣ್ಣು ಮತ್ತು ನೀರು ಎಂಜಿನಿಯರಿಂಗ್ ಅಂತಲೇ ಪ್ರತ್ಯೇಕ ವಿಭಾಗ ಇರುತ್ತದೆ. ಹೊಲದ ಇಳಿಜಾರು ಅಳೆಯುವುದು, ಬದುವಿನ ಎತ್ತರ ಮತ್ತು ಅಂತರ ಲೆಕ್ಕ ಹಾಕುವುದು, ಕೃಷಿ ಹೊಂಡ, ಹನಿ ನೀರಾವರಿ ವಿನ್ಯಾಸ ಮಾಡುವುದು, ಇದೆಲ್ಲ ಪಾಠವೇ.

ಗಿಡ, ಮಣ್ಣು, ಬೆಳೆ ಕಡೆ ಒಲವಿದ್ದರೆ ನಾಲ್ಕು ವರ್ಷದ ಬಿ.ಎಸ್ಸಿ. ಕೃಷಿ. ಅದರಲ್ಲೂ ಮಣ್ಣು-ನೀರು ಸಂರಕ್ಷಣೆಯ ಪಾಠ ಇದೆ. ಕೊನೆಯ ವರ್ಷ ಹಳ್ಳಿಯಲ್ಲೇ ಇದ್ದು ರೈತರ ಜೊತೆ ಕೆಲಸ ಮಾಡಬೇಕು. ನನ್ನ ಗೆಳತಿಯರಲ್ಲಿ ಆ ಅವಧಿಯಲ್ಲಿ ಕಲಿತಷ್ಟು ಬೇರೆಲ್ಲೂ ಕಲಿಯಲಿಲ್ಲ ಅನ್ನುವವರೇ ಹೆಚ್ಚು. ಕೃಷಿ ಇಲಾಖೆಯ ನೌಕರಿಯೇ ಗುರಿಯಾದರೆ ಬಿ.ಎಸ್ಸಿ. ಕೃಷಿಯೇ ಮೇಲು, ಅಧಿಕಾರಿ ಹುದ್ದೆಗಳಲ್ಲಿ ಅವರಿಗೇ ಹೆಚ್ಚಿನ ಪಾಲು. ನಿಮ್ಮ ಕಡೆಯ ಜಿಲ್ಲೆಗಳು ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಹಿರಿಯೂರಿನ ತೋಟಗಾರಿಕೆ ಕಾಲೇಜು ಅದರದ್ದೇ.

ಎಲ್ಲದಕ್ಕೂ ಸಿಇಟಿ ಬರೀಬೇಕು. ಅರ್ಜಿ ಹಾಕುವಾಗಲೇ ಕೃಷಿಕರ ಕೋಟಾ ಕೇಳಿಕೊಳ್ಳಿ. ಆ ಕೋಟಾದವರಿಗೆ ಬೇರೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ಬೀಜ, ಬೇಸಾಯದ ಉಪಕರಣ ತೋರಿಸಿ ಗುರುತಿಸಲು ಹೇಳುತ್ತಾರೆ. ಹೊಲದಲ್ಲಿ ಬೆಳೆದ ಹುಡುಗಿಗೆ ಅದು ಕಷ್ಟವಲ್ಲ. ಆದರೂ ನಿಮ್ಮಲ್ಲಿ ಬೆಳೆಯದ ಬೆಳೆಗಳ ಬೀಜ ಒಮ್ಮೆ ನೋಡಿಟ್ಟುಕೊಳ್ಳಲಿ.

ಜಗಳೂರು ಕಡೆಯ ರೈತ

ತಮ್ಮ, ನೀನು ಮೊದಲು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗು. ನಿನಗೆ ಹಿರಿಯೂರಿನ ಬಬ್ಬೂರು ಫಾರಂ ಇದೆ, ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ. ಓದು ಎಷ್ಟು ಅಂತ ಅಲ್ಲಿ ಯಾರೂ ಕೇಳಲ್ಲ. ಬರೀ "ತರಬೇತಿ ಬೇಕು" ಅನ್ನಬೇಡ, "ನನ್ನ ಹೊಲ ಇಂಥ ಇಳಿಜಾರು, ಮಣ್ಣು ಇಂಥದ್ದು, ನೀರು ಈ ಮೂಲೆಯಿಂದ ಇಳಿಯುತ್ತೆ" ಅಂತ ಚೀಟಿಯಲ್ಲಿ ನಕ್ಷೆ ಬರೆದು ತೋರಿಸು. ಆಗ ವಿಜ್ಞಾನಿಗಳ ಮಾತಿನ ಧಾಟಿನೇ ಬೇರೆ.

ಅಲ್ಲಿಗೆ ಹೋಗೋ ಮುಂಚೆ ಮನೇಲೇ ಕಲಿಯೋದು ಒಂದಿದೆ. ಒಂದೇ ಉದ್ದದ ಎರಡು ಗಳ ತಗೊಂಡು ತುದಿ ಕಟ್ಟು, ಕೆಳಗೆ ಕಾಲು ಅಗಲಿಸಿ ನಡುವೆ ಒಂದು ಅಡ್ಡಪಟ್ಟಿ ಬಡಿ. ತುದಿಯಿಂದ ದಾರಕ್ಕೆ ಕಲ್ಲು ಕಟ್ಟಿ, ಅಡ್ಡಪಟ್ಟಿಗಿಂತ ಕೆಳಗೆ ಬರೋ ಹಂಗೆ ಇಳಿಬಿಡು. ಎರಡು ಕಾಲೂ ನೆಲಕ್ಕೆ ಊರಿ, ದಾರ ಪಟ್ಟಿ ಮೇಲೆ ಎಲ್ಲಿ ಬಂತು ಅಂತ ಗುರುತು ಹಾಕು. ಆಮೇಲೆ ಅದೇ ಜಾಗದಲ್ಲಿ ಕಾಲು ಅದಲು ಬದಲು ಮಾಡಿ ಇನ್ನೊಂದು ಗುರುತು. ಎರಡರ ನಡುಮಧ್ಯವೇ ಮಟ್ಟ. ಹೊಲದ ಒಂದು ಅಂಚಿಂದ ಶುರು ಮಾಡಿ ಒಂದು ಕಾಲು ಊರಿ, ಇನ್ನೊಂದನ್ನ ಮೇಲೆ ಕೆಳಗೆ ಸರಿಸುತ್ತಾ ದಾರ ನಡುಗುರುತಿಗೆ ಬಂದ ಕಡೆ ಗೂಟ ಹೊಡಿ. ಹಿಂಗೇ ಮುಂದೆ ಹೋದ್ರೆ ಗೂಟದ ಸಾಲೇ ಸಮಪಾತಳಿ ಗೆರೆ, ಅಂದ್ರೆ ಒಂದೇ ಮಟ್ಟದಲ್ಲಿರೋ ಗೆರೆ. ನಿನ್ನ ಉಳುಮೆ ಸಾಲು, ಬದು ಎಲ್ಲಾ ಆ ಗೆರೆ ಹಿಡಿಬೇಕು. ನಮ್ಮ ಕಡೆ ಎಷ್ಟೋ ಜನ ಇಳಿಜಾರಿಗೇ ಉಳ್ತಾರೆ, ಆ ಸಾಲೇ ನೀರಿಗೆ ಕಾಲುವೆ ಆಗುತ್ತೆ.

ಮಣ್ಣು ಪರೀಕ್ಷೆಗೆ ಬದುವಿನ ಪಕ್ಕ, ಮರದ ಬುಡ, ತಿಪ್ಪೆ ಜಾಗದ ಮಣ್ಣು ತಗೋಬೇಡ. ಹೊಲದಲ್ಲಿ ಅಂಕುಡೊಂಕಾಗಿ ನಡೆದು, ಅಲ್ಲಲ್ಲಿ ಆರು ಇಂಚು ಆಳದ ಮಣ್ಣು ತೆಗೆದು ಬೆರೆಸಿ ಅರ್ಧ ಕೆಜಿ ಕೊಟ್ಟರೆ ಸಾಕು.

ಸ್ವಸಹಾಯ ಸಂಘದಲ್ಲಿರುವಾಕೆ, ಚಿತ್ರದುರ್ಗ

ನಿಮ್ಮೂರು ಯಾವುದಾದರೂ ಜಲಾನಯನ ಯೋಜನೆಗೆ (ಒಂದೇ ಹಳ್ಳಕ್ಕೆ ನೀರು ಹರಿಯೋ ಇಡೀ ಪ್ರದೇಶದಲ್ಲಿ ಮಣ್ಣು, ನೀರು ಉಳಿಸೋ ಕೆಲಸ) ಸೇರಿದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಸೇರಿದ್ದರೆ ಊರಿನವರಿಗೇ ತರಬೇತಿ, ಬೇರೆ ಊರಿನ ಕೆಲಸ ನೋಡೋ ಪ್ರವಾಸ ಎಲ್ಲಾ ಇರುತ್ತೆ. ಹೆಂಗಸರಿಗೂ ಅವಕಾಶ ಕೊಡ್ತಾರೆ. ನಾನು ಎರೆಗೊಬ್ಬರ ಕಲಿತದ್ದು ಹಾಗೇ. ನಮ್ಮ ಜಿಲ್ಲೆ ಮೊದಲ ಸುಜಲ ಯೋಜನೆಯಲ್ಲೇ ಇತ್ತು, ಹಳೇ ಜಲಾನಯನ ಕೆಲಸ ನೋಡೋಕೆ ದೂರ ಹೋಗಬೇಕಿಲ್ಲ.

ನಿವೃತ್ತ ಉಪನ್ಯಾಸಕ, ಚನ್ನಗಿರಿ

ಜಗಳೂರಿನವರ ಮಾತಿಗೆ ಒಂದು ಸೇರಿಸುತ್ತೇನೆ. ಒಂದು ಎಕರೆಗೆ 25 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರ್ ನೀರು. ನಿಮ್ಮ ಐದು ಎಕರೆಗೆ ಒಂದೇ ಮಳೆಯಲ್ಲಿ ಐದು ಲಕ್ಷ. ಅದರಲ್ಲಿ ಎಷ್ಟನ್ನು ಮಣ್ಣು ಕುಡಿಯಿತು, ಎಷ್ಟು ಹರಿದು ಹೋಯಿತು ಎನ್ನುವುದೇ ಈ ವಿದ್ಯೆಯ ತಿರುಳು. ಕೆಂಪು ಮಣ್ಣು ನೀರು ಇಂಗಿಸಿಕೊಳ್ಳುತ್ತದೆ, ಅಲ್ಲಿ ಸಮಪಾತಳಿ ಬದು ನಡೆಯುತ್ತದೆ. ಆಳವಾದ ಎರೆ (ಕಪ್ಪು) ಮಣ್ಣಿನಲ್ಲಿ ಅದೇ ಬದು ಹಾಕಿದರೆ ನೀರು ನಿಂತು ಬೆಳೆ ಕೊಳೆಯುತ್ತದೆ, ಬದು ಒಡೆಯುತ್ತದೆ. ಅಲ್ಲಿ ಬದುವಿಗೇ ಸ್ವಲ್ಪ ಓಟ (ಇಳಿಜಾರು) ಕೊಟ್ಟು ಹೆಚ್ಚಿನ ನೀರನ್ನು ನಿಧಾನವಾಗಿ ಹೊರಬಿಡಬೇಕು. ಪಕ್ಕದ ಬಳ್ಳಾರಿಯಲ್ಲಿರುವ ಕೇಂದ್ರ ಸರ್ಕಾರದ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನಾ ಕೇಂದ್ರ ದಶಕಗಳಿಂದ ಎರೆ ಮಣ್ಣಿನ ಮೇಲೆ ಕೆಲಸ ಮಾಡುತ್ತಿದೆ. ಚಿತ್ರದುರ್ಗದ ಹತ್ತಿರದ ಜಿ.ಆರ್. ಹಳ್ಳಿಯ ಮಾದರಿ ಜಲಾನಯನದಲ್ಲಿ ಕೆಲಸ ಮಾಡಿದ್ದೂ ಅವರೇ. ತಂಗಿ ಮುಂದೆ ಸ್ನಾತಕೋತ್ತರ ಓದುವುದಾದರೆ ಆ ಕೇಂದ್ರವನ್ನು ನೆನಪಿಡಲಿ.

ನಿಮಗೆ ಮನೆಯಲ್ಲಿದ್ದೇ ಓದುವ ಆಸೆಯಿದ್ದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ದೂರಶಿಕ್ಷಣ ಘಟಕದಲ್ಲಿ ಕನ್ನಡದಲ್ಲೇ ಕೋರ್ಸುಗಳಿವೆ. ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಮಳೆನೀರು ಕೊಯ್ಲು ಮತ್ತು ನಿರ್ವಹಣೆಯ ಸರ್ಟಿಫಿಕೇಟ್, ಜಲಾನಯನ ನಿರ್ವಹಣೆಯ ಡಿಪ್ಲೊಮಾ ಇವೆ. ಕಾಲುವೆ ನೀರಿನ ರೈತರಾದರೆ ಧಾರವಾಡದ ವಾಲ್ಮಿ (ನೀರು ಮತ್ತು ನೆಲ ನಿರ್ವಹಣಾ ಸಂಸ್ಥೆ) ಉಪಯೋಗ, ನಿಮ್ಮ ಮಳೆಯಾಶ್ರಿತ ಹೊಲಕ್ಕೆ ಅದು ಮೊದಲ ಆಯ್ಕೆಯಲ್ಲ. ಮನೆಯಲ್ಲಿ ಈಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗರಿದ್ದರೆ ನಮ್ಮ ತಾಲ್ಲೂಕಿನ ಕತ್ತಲಗೆರೆಯಲ್ಲಿ ಕೃಷಿ ಡಿಪ್ಲೊಮಾ ಇದೆ, ಎರಡು ವರ್ಷದ್ದು.

ಹೊಳಲ್ಕೆರೆ ತಾಲ್ಲೂಕಿನಿಂದ

ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಜಗಳೂರಿನವರು ಹೇಳಿದ ಗಳ ಕಟ್ಟೋದು ಈ ವಾರವೇ ಮಾಡ್ತೀನಿ. ಒಂದು ಖಾಸಗಿ ಸಂಸ್ಥೆಯವರು ಫೋನ್ ಮಾಡಿ, ಆರು ತಿಂಗಳ ಡಿಪ್ಲೊಮಾ ಮಾಡಿದ್ರೆ ತಂಗಿಗೆ ಸರ್ಕಾರಿ ಕೆಲಸ ಗ್ಯಾರಂಟಿ ಅಂದ್ರು. ನಂಬಬಹುದಾ?

ಕೃಷಿ ಎಂಜಿನಿಯರಿಂಗ್ ಓದಿದವಳು, ದಾವಣಗೆರೆ

ಬೇಡಣ್ಣ, ದುಡ್ಡು ಕಟ್ಟಬೇಡಿ. ಸರ್ಕಾರಿ ಕೆಲಸದ ಗ್ಯಾರಂಟಿ ಕೊಡುವ ಅಧಿಕಾರ ಯಾವ ಕೋರ್ಸಿಗೂ ಇಲ್ಲ. ಯಾವ ವಿಶ್ವವಿದ್ಯಾಲಯದ ಪ್ರಮಾಣಪತ್ರ ಕೊಡ್ತೀರಿ ಅಂತ ಕೇಳಿ, ಹೆಸರು ಹೇಳಿದರೆ ಆ ವಿಶ್ವವಿದ್ಯಾಲಯಕ್ಕೇ ವಿಚಾರಿಸಿ. ಅದಕ್ಕಿಂತ ಮುಖ್ಯ, ನಾಡಕಚೇರಿಗೆ ಹೋಗಿ ವ್ಯವಸಾಯಗಾರರ ಕುಟುಂಬದ ಪ್ರಮಾಣಪತ್ರ, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಈಗಲೇ ಅರ್ಜಿ ಹಾಕಿ. ಪಹಣಿ ಇನ್ನೂ ತಾತನ ಹೆಸರಲ್ಲೇ ಇದ್ದರೆ ವಂಶವೃಕ್ಷವನ್ನೂ ಮಾಡಿಸಿಟ್ಟುಕೊಳ್ಳಿ. ಸಿಇಟಿ ದಾಖಲೆ ಪರಿಶೀಲನೆ ಹತ್ತಿರ ಬಂದಾಗ ನಾಡಕಚೇರಿಯಲ್ಲಿ ಜನರ ಸಾಲು ಉದ್ದ ಇರುತ್ತದೆ.